ಮನೆ ಚಿಕ್ಕದು, ಸಂಖ್ಯೆ ದೊಡ್ಡದು



ಔರಾದ್ ತಾಲೂಕಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ಅಂಕಗಳ ಪುಸ್ತಕಕ್ಕೆ ನಾನೇ ಗೆರೆ ಎಳೆದಿದ್ದೆ. ವಿಷಯಕ್ಕೆ ಎರಡೇ ಅಂಕಿಯ ಮನೆ. ನೂರಕ್ಕೆ ನೂರು ಯಾರು ತೆಗೆದಾರು ಎಂಬ ಧೈರ್ಯ. ಒಂದು ವರ್ಷ ಹುಡುಗನೊಬ್ಬ ತೆಗೆದೇಬಿಟ್ಟ. ಅವಸರದಲ್ಲಿ ಬರೆದಾಗ ಎರಡು ಸೊನ್ನೆಗಳು ಮನೆಯೊಳಗೆ ಕುಳಿತವು, ಒಂದು ಎಂಬ ಅಂಕಿ ಪಕ್ಕದ ಗೆರೆಯ ಮೇಲೆ ಬಿದ್ದು ಗೆರೆಯೇ ಆಯಿತು. ನನಗೆ ತಿಳಿಯುವ ವೇಳೆಗೆ ಅವನ ತಂದೆ ಅವನನ್ನು ಹೊಡೆದಾಗಿತ್ತು. ತಿದ್ದಿದೆ, ಅವರ ಮನೆಗೆ ಹೋಗಿ ಕ್ಷಮೆಯನ್ನೂ ಕೇಳಿದೆ.

ಭಾಲ್ಕಿಯಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಶಿಷ್ಯನೊಬ್ಬ ಕಳೆದ ದೀಪಾವಳಿಗೆ ಬೀದರಿನ ನಮ್ಮ ಮನೆಗೆ ಬಂದಾಗ ಇದನ್ನು ಹೇಳಿದೆ. ಅವನು ನಗಲಿಲ್ಲ. “ಸರ್, ಇದೇ ತಪ್ಪಿಗೆ ಒಂದು ರಾಕೆಟ್ ಹೋಗ್ಯಾದ” ಎಂದ.

ಅವನಿಂದ ತಿಳಿದದ್ದಿಷ್ಟು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಕೆಲವು ತಪ್ಪುಗಳನ್ನು ಅದು ಆಗಲೇ ಹಿಡಿಯುತ್ತದೆ. ಉಳಿದವು ಓಡುವಾಗಲೇ ತಿಳಿಯಬೇಕು, ಅದಕ್ಕೆ ಪ್ರತಿಸಲವೂ ಸಮಯ ತೆರಬೇಕು. 1972ರ ಸುಮಾರಿಗೆ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆ ವೇಗಕ್ಕಾಗಿ ಓಡುವಾಗಿನ ತಪಾಸಣೆಯನ್ನು ಬರೆಯುವವನ ವಿವೇಕಕ್ಕೆ ಬಿಟ್ಟಿತು. ನನ್ನ ಪುಸ್ತಕವೂ ಅದೇ ಜಾತಿ: ತಪ್ಪಾದರೂ ಕೂಗದು. ಅಮೆರಿಕದ ರಕ್ಷಣಾ ಇಲಾಖೆಗಾಗಿ ಹುಟ್ಟಿ 1983ರಲ್ಲಿ ರಾಷ್ಟ್ರೀಯ ಮಾನಕವಾದ ಏಡಾ ಭಾಷೆ ಎರಡೂ ಹಂತಗಳಲ್ಲಿ ತಪಾಸಣೆ ನಡೆಸುವಂಥದು.

ರಾಕೆಟ್ಟಿನಲ್ಲಿದ್ದುದು ಏಡಾ ಭಾಷೆಯೇ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ನೆಲೆಯಿಂದ ಯುರೋಪಿನ ಏರಿಯಾನ್-5 ಮೊದಲ ಸಲ ಮೇಲೇರಿತು. ಸುಮಾರು 40 ಸೆಕೆಂಡಿನಲ್ಲಿ ದಾರಿ ತಪ್ಪಿ, ಮುರಿದು, ನಾಲ್ಕು ಉಪಗ್ರಹಗಳೊಡನೆ ಸಿಡಿದುಹೋಯಿತು. ಗಣಿತಜ್ಞ ಜಾಕ್-ಲೂಯಿ ಲಿಯಾನ್ಸ್ ಅವರ ಅಧ್ಯಕ್ಷತೆಯ ಸಮಿತಿ ಜುಲೈನಲ್ಲಿ ಕಾರಣ ತಿಳಿಸಿತು. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ಟಿನ ಸಂಖ್ಯೆಯೊಂದನ್ನು 16 ಬಿಟ್ಟಿನ ಮನೆಗೆ ಇಳಿಸಲಾಗುತ್ತಿತ್ತು. ಆ ಮನೆ 32,767ಕ್ಕಿಂತ ದೊಡ್ಡದನ್ನು ಹಿಡಿಯದು. ಹಳೆಯ ಏರಿಯಾನ್-4ಕ್ಕೆ ಅಷ್ಟು ಸಾಕಾಗಿತ್ತು. ಅದೇ ಪ್ರೋಗ್ರಾಮನ್ನು ಹೊಸದಕ್ಕೂ ಇಟ್ಟರು, ಹೊಸದರ ಅಡ್ಡವೇಗ ಬಹಳ ಹೆಚ್ಚು. ಕಂಪೈಲರ್ ಮನೆಯ ಅಳತೆ ಬಲ್ಲದು, ಮುಂದೆ ಹಾರುವ ರಾಕೆಟ್ಟಿನ ವೇಗವನ್ನು ಅದು ಹೇಗೆ ಬಲ್ಲದು? ಇಂಥ ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿ, ಗಣಕದ ಹೊರೆ ಶೇ. 80 ಮೀರದಿರಲೆಂದು ಮೂರನ್ನು ಬಿಟ್ಟಿದ್ದರು.

ಆದರೂ ಓಡುವಾಗಿನ ತಪಾಸಣೆ ಆ ತಪ್ಪನ್ನು ಹಿಡಿಯಿತು! ಹಿಡಿದು ಮಾಡಿದ್ದೇನು? ದಿಕ್ಕು ತಿಳಿಸುವ ಗಣಕವನ್ನೇ ನಿಲ್ಲಿಸಿತು. ಮೀಸಲು ಗಣಕದಲ್ಲಿಯೂ ಅದೇ ಪ್ರೋಗ್ರಾಂ. ಅದು ಕ್ಷಣ ಮೊದಲೇ ನಿಂತಿತ್ತು. ಗಣಕ ನಿಲ್ಲುವಾಗ ಕಳಿಸಿದ ದೋಷದ ವರದಿಯನ್ನು ಮುಖ್ಯ ಗಣಕ ಹಾರಾಟದ ಲೆಕ್ಕವೆಂದೇ ಓದಿ ರಾಕೆಟ್ಟನ್ನು ತಿರುಗಿಸಿತು. ಇಷ್ಟಕ್ಕೂ ಆ ಲೆಕ್ಕ ಏರಿಯಾನ್-5ರಲ್ಲಿ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ದೋಷ ತಿದ್ದಿದ ಮೇಲೆ ಇದೇ ಜಾತಿಯ ರಾಕೆಟ್ 2000ದ ಮಾರ್ಚ್‌ನಲ್ಲಿ ನಮ್ಮ ಇನ್ಸಾಟ್-3ಬಿ ಉಪಗ್ರಹವನ್ನು ಹೊತ್ತೊಯ್ದಿತು.

2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ ಸ್ಮೃತಿಯ ಅನೇಕ ತಪ್ಪುಗಳನ್ನು ಕಂಪೈಲ್ ಹಂತದಲ್ಲಿಯೇ ತಡೆಯುತ್ತದೆಯಂತೆ. 2022ರ ಡಿಸೆಂಬರಿನ ಲಿನಕ್ಸ್ 6.1 ಅದನ್ನು ಒಳಗೆ ಬಿಟ್ಟುಕೊಂಡಿತು. ಆದರೆ ಸಾಲಿನ ಗಡಿ ದಾಟಿದರೆ ರಸ್ಟ್ ಪ್ರೋಗ್ರಾಮೂ ಓಡುತ್ತಲೇ ನಿಲ್ಲಬಹುದು.

ನಾವು ಮಾತಾಡುತ್ತಿದ್ದಾಗ ವಾಯುಪಡೆಯ ಹಾಕ್ ವಿಮಾನಗಳು ತಲೆಯ ಮೇಲೆ ಹಾದವು. 2008ರಿಂದ ಬೀದರಿನವರಿಗೆ ಅದು ಪರಿಚಿತ ಸದ್ದು. ನನಗೆ ತೇಜಸ್ ನೆನಪಾಯಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಆ ವಿಮಾನ ಸ್ವಭಾವತಃ ಅಸ್ಥಿರ. ಗಣಕ ಬಿಡುವಿಲ್ಲದೆ ತಿದ್ದುತ್ತಿದ್ದರೇ ಹಾರಾಟ. ಆ ಪ್ರೋಗ್ರಾಮೂ ಏಡಾದಲ್ಲಿ, ಗಣಕದಲ್ಲಿ ನಾಲ್ಕು ಸಮಾನ ವಾಹಿನಿಗಳು. “ನಾಲ್ಕರಲ್ಲಿಯೂ ಒಂದೇ ತಪ್ಪಿದ್ದರೆ?” ಎಂದೆ.

“ಅದಕ್ಕೇ ಸರ್, ನೆಲದ ಮ್ಯಾಲ ಇದ್ದಾಗಲೇ ವರ್ಷಗಟ್ಟಲೆ ಪರೀಕ್ಷೆ. ಮ್ಯಾಲ ಹೋದ ಮ್ಯಾಲ ‘ತಪ್ಪಾಯ್ತು, ನಿಂತೆ’ ಅನ್ಲಿಕ್ಕ ಬರಲ್ಲ” ಎಂದು ಅವನು ಚಹಾದ ಬಟ್ಟಲು ಕೆಳಗಿಟ್ಟ.