ಅಳಿಸಲಾಗದ ಲೆಡ್ಜರ್

ಕ್ರಿಪ್ಟೋ ಕದ್ದರೆ ಸುಳಿವೇ ಸಿಗಲ್ಲ ಅಂತಾರಲ್ಲ, ಆ ಮಾತನ್ನು ನಾನು ಒಪ್ಪಲ್ಲ. 2016ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ಮೂಲದ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ಗೆ ಕನ್ನ ಬಿತ್ತು. 1,19,756 ಬಿಟ್‌ಕಾಯಿನ್ ಮಾಯ! ಪೆಟ್ಟು ಬಿದ್ದಿದ್ದು ಗ್ರಾಹಕರಿಗೆ; ಎಲ್ಲರ ಖಾತೆಯಿಂದಲೂ ಸುಮಾರು ಶೇ 36 ಕಡಿತ.

ಬ್ಲಾಕ್‌ಚೈನ್ ಕಳ್ಳತನ ತಡೆಯಲಿಲ್ಲ, ಕಳ್ಳನ ಹೆಸರನ್ನೂ ಹೇಳಲಿಲ್ಲ. ಆದರೆ ಒಂದೊಂದು ವರ್ಗಾವಣೆಯನ್ನೂ ಬರೆದಿಟ್ಟಿತು. ಬ್ಯಾಂಕ್ ಲೆಡ್ಜರ್ ನೋಡೋಕೆ ಅನುಮತಿ ಬೇಕು, ಇದನ್ನು ಯಾರು ಬೇಕಾದರೂ ನೋಡಬಹುದು. ಹಣವನ್ನು ಚೂರು ಚೂರು ಮಾಡಿದರು, ಆಲ್ಫಾಬೇ ಅನ್ನೋ ಡಾರ್ಕ್‌ನೆಟ್ ಸಂತೆಯಲ್ಲಿ ಮುಳುಗಿಸಿ ತೆಗೆದರು. ಜಾಡು ಮಾತ್ರ ಅಳಿಯಲಿಲ್ಲ. ಅದು ಅವರದೇ ಹೆಸರಿನ ಖಾತೆಗಳಿಗೆ, ಕೊನೆಗೆ ವಾಲ್‌ಮಾರ್ಟ್‌ನ ಗಿಫ್ಟ್ ಕಾರ್ಡ್‌ಗೂ (ನೋಡಿ, ಎಂಥ ಆಸೆ!) ಹೋಗಿ ಮುಟ್ಟಿತು.

2022ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಗಂಡ-ಹೆಂಡತಿ ಅರೆಸ್ಟ್. ಕೀಲಿಗಳು ಗಂಡನ ಕ್ಲೌಡ್ ಖಾತೆಯ ಫೈಲ್‌ನಲ್ಲೇ ಇದ್ದವು. ಕದ್ದ ದಿನ ಅಷ್ಟೂ ಮಾಲಿನ ಬೆಲೆ ಸುಮಾರು 7 ಕೋಟಿ ಡಾಲರ್. ಜಪ್ತಿಯಾದ 94,000 ಬಿಟ್‌ಕಾಯಿನ್‌ಗೇ 360 ಕೋಟಿ!