ಕಟ ಕಟ ಸದ್ದು ಮತ್ತು ನಲವತ್ತೊಂದು ಸಾವಿರದ ಚೀಟಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹದಿನಾರು ವರ್ಷದ ಸಣ್ಣ ಕಾರು ಸದ್ದು ಮಾಡಲು ಶುರು ಮಾಡಿತು. ಹೊಂಡದ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಮುಂದಿನ ಎಡಗಡೆ ಕಟ ಕಟ. ಪಾರ್ಕಿಂಗಿನಲ್ಲಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ತಂತಿ ಮೀಟಿದ ಹಾಗೆ ಒಂದು 'ಟೊಂಯ್'. ಮಳೆಗಾಲ ಕಳೆದ ಮೇಲೂ ಸದ್ದು ಮಾಡದ ಕಾರು ಮುಂಬಯಿಯಲ್ಲಿ ಯಾರ ಹತ್ತಿರ ಇದೆ ಹೇಳಿ! ಆದರೆ ದೀಪಾವಳಿಗೆ ಅದರಲ್ಲೇ ಊರಿಗೆ ಹೋಗುವುದಿತ್ತು. ಸರ್ವಿಸ್ ಸೆಂಟರಿಗೆ ಬಿಟ್ಟು ಬಂದೆ.

ಮಧ್ಯಾಹ್ನ ಮೊಬೈಲಿಗೆ ಎಸ್ಟಿಮೇಟ್ ಬಂತು. ಮುಂದಿನ ಎರಡು ಸ್ಟ್ರಟ್ 13,000. ಎರಡು ಲೋವರ್ ಆರ್ಮ್ 6,000. ಸ್ಟೀರಿಂಗ್ ರ‍್ಯಾಕ್ 14,000. ಲಿಂಕ್ ರಾಡ್ 2,000, ಮೇಲಿನ ಮೌಂಟಿಂಗ್ 2,500, ಮಜೂರಿ 4,100. ಒಟ್ಟು ರೂ. 41,600.

"ಅಪ್ಪಾ, ಮಾರಿದರೆ ಇದಕ್ಕೆ ಅರವತ್ತು ಸಾವಿರ ಬಂದರೆ ಹೆಚ್ಚು. ಗುಜರಿಗೆ ಹಾಕಿಬಿಡೋಣ" ಅಂದ ಮಗ. ಲೆಕ್ಕದಲ್ಲಿ ಅವನದು ತಪ್ಪಿರಲಿಲ್ಲ. ಆದರೆ ಹಿಂದಿನ ವರ್ಷವಷ್ಟೇ ಹಸಿರು ತೆರಿಗೆ ಕಟ್ಟಿ, ಆರ್‌ಟಿಓದಲ್ಲಿ ದಿನಗಟ್ಟಲೆ ನಿಂತು, ಐದು ವರ್ಷದ ಆಯಸ್ಸು ಬರೆಸಿಕೊಂಡು ಬಂದ ಗಾಡಿ ಅದು. ಚೀಟಿ ನೋಡುತ್ತಾ ಕೂತ ನನಗೆ ದೊಡ್ಡಪ್ಪ ನೆನಪಾದರು.

ನಾನು ಕಾರ್ಕಳದಿಂದ ಇಲ್ಲಿಗೆ ಬಂದದ್ದು 1979ರಲ್ಲಿ. ದೊಡ್ಡಪ್ಪ ಓಡಿಸುತ್ತಿದ್ದದ್ದು ಕಾಲಿ-ಪೀಲಿ ಫಿಯೆಟ್ ಟ್ಯಾಕ್ಸಿ. ಫಿಯೆಟ್ ಅಂತ ಕರೆಯುತ್ತಿದ್ದೆವೇ ಹೊರತು ಅದು ಹುಟ್ಟಿದ್ದು ನಮ್ಮ ಕುರ್ಲಾದಲ್ಲೇ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಇಟಲಿಯ ಫಿಯೆಟ್ 1100ನ್ನು ಇಲ್ಲಿ ತಯಾರಿಸುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರು. ಹೊಸ ಕಾರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಇದ್ದ ಗಾಡಿಯನ್ನು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸಿ ಓಡಿಸುವುದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಗಾಡಿಯ ರಚನೆಯೂ ಅದಕ್ಕೆ ಹೊಂದುವಂತೆಯೇ ಇತ್ತು. ಹಿಂದುಗಡೆ ಲೀಫ್ ಸ್ಪ್ರಿಂಗ್, ಇಲ್ಲಿಯವರ ಬಾಯಲ್ಲಿ ಪಾಟಾ. ಒಂದು ಪಾಟಾ ಮುರಿದರೆ ಆ ಒಂದನ್ನೇ ಬದಲಿಸುವುದು. ಮುಂದುಗಡೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು, ಕಾಯಿಲ್ ಸ್ಪ್ರಿಂಗ್, ಮತ್ತು ಕಿಂಗ್‌ಪಿನ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದು ಈ ಉಕ್ಕಿನ ಗೂಟದ ಸುತ್ತ. ಗೂಟಕ್ಕೂ ಅದರ ಮನೆಗೂ ನಡುವೆ ಹಿತ್ತಾಳೆ ಬಣ್ಣದ ಬುಷ್. ಅದಕ್ಕೆ ನಿಪ್ಪಲಿನಿಂದ ಗ್ರೀಸ್ ತುಂಬಬೇಕು. ತುಂಬದಿದ್ದರೆ, ಅಥವಾ ಮಳೆಗಾಲದ ಕೆಸರು ನೀರು ಒಳಗೆ ಹೋದರೆ, ಬುಷ್ ಸವೆದು ಚಕ್ರ ಅಲುಗಾಡುತ್ತದೆ.

ಭಾನುವಾರ ಫುಟ್‌ಪಾತಿನ ಪಕ್ಕದಲ್ಲೇ ಆಪರೇಷನ್. ಮಿಸ್ತ್ರಿ ಹಳೇ ಬುಷ್ ಬಡಿದು ತೆಗೆದು, ಹೊಸದನ್ನು ಒತ್ತಿ ಕೂರಿಸಿ, ರೀಮರ್ ಹಾಕಿ ಕೈಯಲ್ಲೇ ತಿರುಗಿಸುತ್ತಾ ಕೆರೆಯುತ್ತಿದ್ದ. ಸ್ವಲ್ಪ ಕೆರೆಯುವುದು, ಪಿನ್ ಹಾಕಿ ನೋಡುವುದು, ಮತ್ತೆ ಕೆರೆಯುವುದು. ಹೆಬ್ಬೆರಳಿನಿಂದ ಒತ್ತಿದರೆ ಪಿನ್ ಜಾರಿ ಒಳಗೆ ಹೋಗಬೇಕು, ಆದರೆ ಅಲುಗಬಾರದು. ಖರ್ಚು ಎರಡು ಬುಷ್, ಒಂದು ಪಿನ್, ಮತ್ತು ಆತನ ಒಂದು ಹೊತ್ತಿನ ಕೂಲಿ.

ಆದರೆ ದೊಡ್ಡಪ್ಪ ಮಿಸ್ತ್ರಿ ಹೇಳಿದ್ದನ್ನು ಹಾಗೇ ನಂಬುತ್ತಿರಲಿಲ್ಲ. ಚಕ್ರ ಜಾಕಿನ ಮೇಲೆ ಏಳುತ್ತಿದ್ದ ಹಾಗೇ "ಏ, ಒಳಗೆ ಕೂತು ಬ್ರೇಕ್ ಒತ್ತು ಮಾರಾಯ" ಅಂತ ನನ್ನನ್ನು ಕೂರಿಸುತ್ತಿದ್ದರು. ತಾವು ಚಕ್ರದ ತಲೆ ಮತ್ತು ಬುಡ ಹಿಡಿದು ಅಲುಗಾಡಿಸುವುದು. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು. ಯಾಕೆಂದರೆ ಬ್ರೇಕ್ ಚಕ್ರವನ್ನೂ ಅದರ ಹಿಂದಿನ ಭಾಗವನ್ನೂ ಹಿಡಿದು ಒಂದು ಮಾಡುತ್ತದೆ, ನಡುವಿನ ಬೇರಿಂಗಿನ ಸಡಿಲು ಮುಚ್ಚಿಹೋಗುತ್ತದೆ. ಬ್ರೇಕ್ ಒತ್ತಿದರೂ ಅಲುಗಿದರೆ ಕಿಂಗ್‌ಪಿನ್. ತಲೆ-ಬುಡದ ಬದಲು ಎಡ-ಬಲ ಹಿಡಿದಾಗ ಮಾತ್ರ ಅಲುಗಿದರೆ ಸ್ಟೀರಿಂಗಿನ ಟೈ ರಾಡ್. ಬೇರಿಂಗ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಕಿಂಗ್‌ಪಿನ್ ಬಿಚ್ಚಲು ಹೊರಟ ಒಬ್ಬ ಮಿಸ್ತ್ರಿಯನ್ನು ಅವರು ಹೀಗೇ ನನ್ನೆದುರು ತಡೆದದ್ದುಂಟು. ಬೈಗುಳ ಇಲ್ಲ, ಜಗಳ ಇಲ್ಲ. "ನೀನೇ ಹಿಡಿದು ನೋಡು" ಅಂದರು, ಅಷ್ಟೇ. ಎಸ್ಟಿಮೇಟ್ ಎನ್ನುವುದು ಆಗ ಕೈಯಲ್ಲಿ ಮುಟ್ಟಿ ನೋಡುವ ವಸ್ತುವಾಗಿತ್ತು.

ಈ ಲೋಕ ಬದಲಾಗಲು ಕಾರಣನಾದವನ ಹೆಸರು ಅರ್ಲ್ ಮ್ಯಾಕ್‌ಫರ್ಸನ್, ಅಮೆರಿಕದ ಎಂಜಿನಿಯರ್. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜನರಲ್ ಮೋಟರ್ಸಿನಲ್ಲಿ ಷೆವ್ರೊಲೆ ಕೆಡೆಟ್ ಎಂಬ ಸಣ್ಣ ಕಾರಿನ ಕೆಲಸದಲ್ಲಿದ್ದ. ಕಂಪನಿ ಆ ಯೋಜನೆಯನ್ನು ಕೈಬಿಟ್ಟ ಮೇಲೆ ಫೋರ್ಡಿಗೆ ಹೋದ. ಅವನ ಯೋಚನೆ ಬಹಳ ಸರಳ: ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಮೇಲಿನ ತೋಳು, ಈ ಮೂರೂ ಮಾಡುವ ಕೆಲಸವನ್ನು ಒಂದೇ ಕಂಬಕ್ಕೆ ವಹಿಸುವುದು. ಅದೇ ಸ್ಟ್ರಟ್. ಕಡಿಮೆ ಭಾಗ, ಕಡಿಮೆ ತೂಕ, ಕಡಿಮೆ ಜಾಗ. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸುಲ್ ಕಾರು ಇದನ್ನು ಹೊತ್ತು ರಸ್ತೆಗಿಳಿಯಿತು.

ನಮ್ಮಲ್ಲಿ ಜನಸಾಮಾನ್ಯರ ಕೈಗೆ ಅದು ಸಿಕ್ಕಿದ್ದು 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂದಾಗ. ಕಿಂಗ್‌ಪಿನ್ ಜಾಗದಲ್ಲಿ ಈಗ ಕೆಳತೋಳಿನ ತುದಿಗೆ ಬಾಲ್ ಜಾಯಿಂಟ್. ನಮ್ಮ ತೊಡೆಯ ಸಂದಿನ ಹಾಗೆ ಗುಂಡೊಂದು ಬಟ್ಟಲಲ್ಲಿ ಕೂತಿರುತ್ತದೆ, ಗ್ರೀಸ್ ಒಳಗೇ ತುಂಬಿ ರಬ್ಬರ್ ಟೋಪಿ ಹಾಕಿ ಮುಚ್ಚಿರುತ್ತಾರೆ. ಸುಳ್ಳು ಯಾಕೆ ಹೇಳಲಿ, ಸುಖವೇ ಆಯಿತು. ಗ್ರೀಸ್ ಪಂಪಿನ ರಗಳೆ ಹೋಯಿತು, ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡಬೇಕಿಲ್ಲ.

ತಿರುಗಿ ನೋಡದೇ ಇದ್ದುದರಿಂದಲೇ ಇರಬೇಕು, ನೋಡುವ ಕಣ್ಣೂ ಹೋಯಿತು. ಮುಚ್ಚಿದ ಗುಂಡನ್ನು ರೀಮರ್ ಹಾಕಿ ಸರಿ ಮಾಡಲಾಗದು. ಎಷ್ಟೋ ಕಾರುಗಳಲ್ಲಿ ಅದನ್ನು ತೋಳಿನ ಜೊತೆಗೇ ಕೂರಿಸಿರುತ್ತಾರೆ, ಗುಂಡು ಹೋದರೆ ತೋಳೇ ಹೊಸದು. ಸ್ಟ್ರಟ್ ಬಿಚ್ಚಬೇಕೆಂದರೆ ಒತ್ತಿ ಹಿಡಿದ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಇಳಿಸಬೇಕು, ಇಲ್ಲವಾದರೆ ಅದು ಹಾರಿ ಮುಖ ಒಡೆದೀತು. ಹೀಗೆ ಬುಷ್ ಹೋಗಿ ಅಸೆಂಬ್ಲಿ ಬಂತು. ಅಸೆಂಬ್ಲಿಯ ಹಿಂದೆಯೇ ಕಂಪ್ಯೂಟರಿನ ಎಸ್ಟಿಮೇಟ್ ಬಂತು, ಅದರಲ್ಲಿ ಯಾವ ಸಾಲು ಸವೆದದ್ದಕ್ಕೆ, ಯಾವ ಸಾಲು ವಯಸ್ಸಾಯಿತೆಂಬ ಅನುಮಾನಕ್ಕೆ ಅಂತ ತಿಳಿಯುವ ಉಪಾಯವಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಹೋಗಿ ಕೇಳಿದೆ: "ರ‍್ಯಾಕಿನಲ್ಲಿ ಸಡಿಲ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?" ಹುಡುಗ ಸಭ್ಯ. "ಸರ್, ಕಿಲೋಮೀಟರ್ ತುಂಬಾ ಆಗಿದೆ, ಸೌಂಡ್ ಬರ್ತಿದೆ, ಒಟ್ಟಿಗೇ ಮಾಡಿಸಿದ್ರೆ ಒಳ್ಳೇದು" ಅಂದ. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿದ್ದರೋ ಎಂದರೆ ಉತ್ತರ ಇಲ್ಲ. ತಪಾಸಣೆಯ 590 ರೂಪಾಯಿ ಕೊಟ್ಟು ಗಾಡಿ ಬಿಡಿಸಿಕೊಂಡೆ. ಕಳ್ಳರು, ಎಲ್ಲ ಕಳ್ಳರು ಅಂತ ಗೊಣಗುತ್ತಾ ಕುರ್ಲಾದ ಒಂದು ಹಳೇ ಗ್ಯಾರೇಜಿಗೆ ಬಂದೆ. ಭಾನುವಾರ ಅಂತ ಮಗನೂ ಜೊತೆಗಿದ್ದ, ಒಲ್ಲದ ಮನಸ್ಸಿನಿಂದ.

ಅಲ್ಲಿನ ಚಾಚಾ ಒಂದು ಕಾಲದಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕೆಲಸ ಮಾಡಿದವರು. ಮೊದಲು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಹೊಡೆದರು. ಎರಡೂ ಚಕ್ರ ಒಟ್ಟಿಗೆ ಸ್ಪೀಡ್ ಬ್ರೇಕರ್ ಹತ್ತಿದಾಗ ಸದ್ದಿಲ್ಲ. ಎಡ ಚಕ್ರ ಮಾತ್ರ ಹೊಂಡಕ್ಕೆ ಇಳಿದಾಗ ಕಟ ಕಟ. "ಅಣ್ಣಾ, ಲಿಂಕ್ ರಾಡ್" ಅಂದರು. ಎರಡು ಬದಿಗಳನ್ನು ಜೋಡಿಸುವ ಸರಳು ಕೆಲಸ ಮಾಡುವುದೇ ಒಂದು ಬದಿ ಮೇಲೆ, ಇನ್ನೊಂದು ಕೆಳಗೆ ಹೋದಾಗ. ಗ್ಯಾರೇಜಿಗೆ ಬಂದು ಆ ಲಿಂಕ್ ಬಿಚ್ಚಿ ನನ್ನ ಕೈಗೆ ಕೊಟ್ಟರು, ಗುಂಡು ಗಿಲಕಿಯ ಹಾಗೆ ಆಡುತ್ತಿತ್ತು. ಆಮೇಲೆ ಸ್ಟ್ರಟ್ಟಿನ ಸ್ಪ್ರಿಂಗ್ ಮೇಲೆ ನನ್ನ ಕೈ ಇಡಿಸಿ ಸ್ಟೀರಿಂಗ್ ತಿರುಗಿಸಿದರು. ಬಿಗಿ ಹಿಡಿದು ಫಕ್ಕನೆ ಬಿಟ್ಟ ಹಾಗೆ ಒಂದು ಜಿಗಿತ: 'ಟೊಂಯ್'. ಮೇಲಿನ ಬೇರಿಂಗ್ ಹಿಡಿದುಕೊಂಡಿತ್ತು. ಸ್ಟ್ರಟ್ ಎರಡೂ ಒಣಗಿಯೇ ಇದ್ದವು, ಎಣ್ಣೆ ಇಳಿದ ಗುರುತಿಲ್ಲ, ಟೈರ್ ಅಲೆ ಅಲೆಯಾಗಿ ಸವೆದಿಲ್ಲ. ರ‍್ಯಾಕಿನಲ್ಲಿ ಎಡ-ಬಲ ಹಿಡಿದರೂ ಸಡಿಲವಿಲ್ಲ.

ನಾನು ಗೆದ್ದವನ ಹಾಗೆ ಮಗನ ಮುಖ ನೋಡಿದೆ. ಅಷ್ಟರಲ್ಲಿ ಚಾಚಾ ಬಲ ಚಕ್ರವನ್ನೂ ಜಾಕಿಗೆ ಏರಿಸಿದರು, ಸದ್ದೇ ಮಾಡದ ಬಲಗಡೆ. ತಲೆ-ಬುಡ ಹಿಡಿದು ಅಲುಗಿಸಿ, ಮಗನಿಗೆ ಹೇಳಿದರು: "ಬೇಟಾ, ಬ್ರೇಕ್ ದಬಾವೊ."

ಬ್ರೇಕ್ ಒತ್ತಿದರೂ ಚಕ್ರ ಅಲುಗಿತು. ನಾನೂ ಹಿಡಿದು ನೋಡಿದೆ. ಬೆರಳಿಗೆ ತಾಗುವಷ್ಟು ಟಿಕ್, ಅಷ್ಟೇ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಒಳಗಿನ ಗ್ರೀಸ್ ಕೆಸರಾಗಿತ್ತು. ಲಿಂಕ್ ರಾಡ್ ಮುರಿದರೆ ಗಾಡಿ ತಿರುವಿನಲ್ಲಿ ಸ್ವಲ್ಪ ಹೆಚ್ಚು ವಾಲುತ್ತದೆ, ಮನೆ ಸೇರಬಹುದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಬೀಳುತ್ತದೆ. ಲಿಂಕ್ ರಾಡ್ ಒಂದನ್ನೇ ಬದಲಿಸಿ, ಸದ್ದು ನಿಂತಿತೆಂದು ಹೆಂಡತಿಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಘಾಟಿ ಇಳಿಯಲು ನಾನು ತಯಾರಾಗಿದ್ದೆ. ಆ ಹುಡುಗನ ಚೀಟಿಯಲ್ಲಿ ಲೋವರ್ ಆರ್ಮ್ ಎಂದು ಇತ್ತಲ್ಲ, ಅದರಲ್ಲಿ ಅರ್ಧ ನಿಜವೇ ಆಗಿತ್ತು. ಅವನಿಗೂ ಅದು ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಲಿಂಕ್ ರಾಡ್ ಜೋಡಿ 1,800, ಎಡದ ಮೌಂಟಿಂಗ್ ಬೇರಿಂಗ್ ಸಮೇತ 1,300, ಬಲದ ಆರ್ಮ್ 2,900, ಮಜೂರಿ 1,800, ಹೊರಗೆ ಮಾಡಿಸಿದ ಅಲೈನ್‌ಮೆಂಟ್ 600. ಒಟ್ಟು ರೂ. 8,400. ಹಳೇ ಸಾಮಾನುಗಳನ್ನು ಚಾಚಾ ರದ್ದಿ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಟ್ಟರು. ಕೇಳದೆಯೇ.

ಅಂದ ಹಾಗೆ, ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ಇಪ್ಪತ್ತೇ ವರ್ಷ ಎಂಬ ನಿಯಮದಂತೆ 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಲ್ಲಿಲ್ಲ. ಚಾಚಾನ ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿದ ರೀಮರ್ ಒಂದು ಇನ್ನೂ ಮೊಳೆಗೆ ನೇತಾಡುತ್ತಿದೆ. ಏನು ಕೆಲಸಕ್ಕೆ ಅಂತ ಮಗ ಕೇಳಿದ. ಊರಿನ ದಾರಿಯಲ್ಲಿ ಕೊಲ್ಹಾಪುರದವರೆಗೂ ಅದನ್ನೇ ಹೇಳುತ್ತಾ ಹೋದೆ.

ಎಡಗಡೆಯ ಆರ್ಮನ್ನು ಏಪ್ರಿಲಿನಲ್ಲಿ ಮತ್ತೊಮ್ಮೆ ನೋಡಿಸಬೇಕು. ಬ್ರೇಕ್ ಒತ್ತಲು ತಾನೇ ಬರುತ್ತೇನೆ ಅಂದಿದ್ದಾನೆ ಮಗ.