ವನ್ಸ್ ಮೋರ್ ಎನ್ನುವವರಿರಲಿಲ್ಲ

ಕಂಪನಿ ನಾಟಕ ನೋಡಿ ಬೆಳೆದವರಿಗೆ ‘ವನ್ಸ್ ಮೋರ್’ ಎಂದರೇನೆಂದು ಹೇಳಬೇಕಾಗಿಲ್ಲ. ಹಾಡು ಹಿಡಿಸಿತೆಂದರೆ ಹಿಂದಿನ ಸಾಲಿನಿಂದ ಕೂಗು ಏಳುತ್ತಿತ್ತು. ರಂಗದ ಮೇಲೆ ಸತ್ತು ಬಿದ್ದವನೂ ಎದ್ದು ಕೂತು, ಅದೇ ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದ. ‘ಎನ್ಕೋರ್’ ಎಂಬ ಪರದೇಶದ ಮಾತಿಗೂ ಇದೇ ಅರ್ಥ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು 2013ರಲ್ಲಿ ತಮ್ಮ ಅಂಬಾಸಿಡರ್ ಕಾರಿನ ಕಡೆಯ ಪೀಳಿಗೆಗೆ ಇಟ್ಟ ಹೆಸರು ಅದು. ಮರುವರ್ಷವೇ ಪರದೆ ಬಿತ್ತು.

ನನ್ನ ವಯಸ್ಸಿನವರಿಗೆ ಕಾರು ಎಂದರೆ ಅಂಬಾಸಿಡರೇ. ನಾನು ತವರಿನಿಂದ ಗಂಡನ ಮನೆಗೆ ಬಂದದ್ದು ಅದರಲ್ಲೇ. ಅಂದು ಕಾರಿನೊಳಗೆ ಎಷ್ಟು ಜನರಿದ್ದೆವೆಂದು ಲೆಕ್ಕ ಇಟ್ಟವರಿಲ್ಲ. ಮಕ್ಕಳು ತೊಡೆಯ ಮೇಲೆ, ತಿಂಡಿಯ ಬುಟ್ಟಿ ಕಾಲ ಬುಡದಲ್ಲಿ. ಮುಂದೆ ಬೆಂಚಿನಂಥ ಒಂದೇ ಉದ್ದ ಸೀಟು, ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ. ಹೀಗಾಗಿ ನಡುವೆ ಕೂರುವವರಿಗೆ ಅಡ್ಡಿಯಿರಲಿಲ್ಲ. ಡ್ರೈವರನ ಬಲಗಡೆ ಬಾಗಿಲಿಗೆ ಒತ್ತಿಕೊಂಡು ಇನ್ನೊಬ್ಬರು ಕೂರುತ್ತಿದ್ದುದೂ ಉಂಟು! ರೇಷ್ಮೆ ಸೀರೆ ಉಟ್ಟ ಹೆಂಗಸು ಸೊಂಟ ಬಗ್ಗಿಸದೆ ಹತ್ತಿ, ನೆಟ್ಟಗೆ ಕೂತು, ನೆರಿಗೆ ಮುದುಡದಂತೆ ಇಳಿಯಬಹುದಾಗಿತ್ತು. ಈಗಿನ ಕಾರುಗಳಲ್ಲಿ ಮಂಡಿನೋವಿನ ನಮ್ಮಂಥವರು ಮೊದಲು ಬೆನ್ನನ್ನು ಒಳಗೆ ಹಾಕಿ, ಆಮೇಲೆ ಕಾಲನ್ನು ಎತ್ತಿಕೊಳ್ಳಬೇಕು. ಅದಿರಲಿ.

ಈ ಕಾರು ನಮ್ಮದೇ ಎಂದು ನಾವು ಹೆಮ್ಮೆಪಟ್ಟರೂ ಇದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಬಿರ್ಲಾ ಮನೆತನದವರು 1942ರಲ್ಲಿ ಕಟ್ಟಿದ ಕಂಪನಿ ಮೊದಲು ಗುಜರಾತಿನ ಓಖಾ ಬಂದರಿನಲ್ಲಿತ್ತು. 1948ರಲ್ಲಿ ಕಲ್ಕತ್ತೆಯ ಹತ್ತಿರ, ಹೂಗ್ಲಿ ಜಿಲ್ಲೆಯ ಉತ್ತರಪಾರಾಕ್ಕೆ ಬಂತು. ಅಲ್ಲಿ ಕಾರ್ಖಾನೆಯ ಸುತ್ತ ಊರೇ ಬೆಳೆಯಿತು. ಹೌರಾದಿಂದ ಬರ್ದ್ವಾನಿಗೆ ಹೋಗುವ ಲೋಕಲ್ ರೈಲು ನಿಲ್ಲುವ ಸ್ಟೇಷನ್ನಿನ ಹೆಸರು ‘ಹಿಂದ್ ಮೋಟಾರ್’ ಎಂದೇ. ಅಂಬಾಸಿಡರ್ ಹೊರಬಂದದ್ದು 1957ರಲ್ಲಿ. ಇಂಗ್ಲೆಂಡಿನವರು ಅದರ ಮೂಲ ಮಾದರಿಯನ್ನು 1959ಕ್ಕೇ ಕೈಬಿಟ್ಟರು. ನಾವು ಇನ್ನೂ 55 ವರ್ಷ ಅದನ್ನೇ ಮಾಡುತ್ತಾ ಕೂತೆವು. ಮುಖದ ಜಾಲರಿ ಬದಲಾಯಿತು, ದೀಪ ಬದಲಾಯಿತು, ಮಾರ್ಕ್ 2, 3, 4 ಎಂದು ಹೆಸರು ಬದಲಾಯಿತು. ಹೊಟ್ಟೆ, ಬೆನ್ನು ಮಾತ್ರ ಅವೇ.

ಇದು ಹೇಗೆ ನಡೆಯಿತು ಎಂಬುದು ಮೇಷ್ಟ್ರ ಕೆಲಸ ಮಾಡಿದವರಿಗೆ ಬೇಗ ಅರ್ಥವಾಗುತ್ತದೆ. ಮೂರೇ ಮಕ್ಕಳಿರುವ ತರಗತಿಯಲ್ಲಿ ರ‍್ಯಾಂಕು ಬರುವುದು ಕಷ್ಟವೇ? ಫಿಯೆಟ್, ಸ್ಟ್ಯಾಂಡರ್ಡ್, ಅಂಬಾಸಿಡರ್ — ಇಷ್ಟೇ ಕಾರುಗಳು. ಎಷ್ಟು ಮಾಡಬೇಕೆಂಬುದಕ್ಕೂ ಸರ್ಕಾರದ ಲೈಸೆನ್ಸು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಜನ ಬಾಗಿಲಲ್ಲೇ ನಿಂತಿರುವಾಗ ಬ್ರೇಕು ಸುಧಾರಿಸಬೇಕು, ಬಾಗಿಲು ಸರಿಯಾಗಿ ಮುಚ್ಚಬೇಕು ಎಂದು ಯಾರಿಗೆ ಅನ್ನಿಸೀತು? 1983ರ ಡಿಸೆಂಬರಿನಲ್ಲಿ ಗುರಗಾಂವಿನಿಂದ ಮಾರುತಿ ಎಂಬ ಪುಟ್ಟ ಹುಡುಗ ತರಗತಿಗೆ ಬಂದು ಕೂತ. ರ‍್ಯಾಂಕಿನ ಬಣ್ಣ ಆಗಲೇ ಬಯಲಾದದ್ದು. ಸ್ವದೇಶಿ ಎಂಬ ಕಾರಣಕ್ಕೆ ಅಂಬಾಸಿಡರನ್ನು ಹೊಗಳುವವರ ಜೊತೆ ನಾನು ದನಿಗೂಡಿಸಲಾರೆ. ನಾವು ಅದನ್ನು ಪ್ರೀತಿಸಿದ್ದು ನಿಜ. ಬೇರೆ ಆಯ್ಕೆ ಇರಲಿಲ್ಲ ಎಂಬುದೂ ಅಷ್ಟೇ ನಿಜ. (ನಮ್ಮಲ್ಲಿ ಎಷ್ಟೋ ಮದುವೆಗಳೂ ಹಾಗೇ ನಡೆದಿವೆ ಬಿಡಿ.)

ಮಾರುತಿ ಬಂದ ಮೇಲೂ ಕೈಬಿಡದವರೆಂದರೆ ಟ್ಯಾಕ್ಸಿಯವರು ಮತ್ತು ಸರ್ಕಾರ. ಬಿಳಿ ಬಣ್ಣ, ಕಿಟಕಿಗೆ ಪರದೆ, ನೆತ್ತಿಯ ಮೇಲೆ ಕೆಂಪು ದೀಪ ಕಂಡರೆ ಪೊಲೀಸಿನವರ ಕೈ ತಾನಾಗಿ ಸಲಾಮಿಗೆ ಏಳುತ್ತಿತ್ತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಬಂದದ್ದೂ ಇಂಥದೇ ಬಿಳಿ ಅಂಬಾಸಿಡರಿನಲ್ಲಿ, ಕೆಂಪು ದೀಪ ಇಟ್ಟುಕೊಂಡು, ಗೃಹ ಇಲಾಖೆಯ ನಕಲಿ ಚೀಟಿ ಅಂಟಿಸಿಕೊಂಡು. ಆ ಕಾರಿಗೆ ನಾವು ಕೊಟ್ಟಿದ್ದ ಗೌರವ ಅವರಿಗೂ ಗೊತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಪ್ರಧಾನಿಯವರು ಗುಂಡು ತಡೆಯುವ ಬಿಎಂಡಬ್ಲ್ಯೂ ಹತ್ತಿದರು.

ಕಂಪನಿಯವರು ಸುಮ್ಮನೆ ಕೂತಿರಲಿಲ್ಲ. ನೋವಾ, ಗ್ರ್ಯಾಂಡ್, ಅವಿಗೋ ಎಂದು ಒಂದರ ಮೇಲೊಂದು ಹೆಸರು ಬಂದವು. ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು ಇಂಜಿನ್ ಕೂರಿಸಿದಾಗ ಮುದುಕನಿಗೆ ಹರೆಯ ಬಂದಂತಾಗಿತ್ತು. ಆದರೆ 2010ರಲ್ಲಿ ಬೆಂಗಳೂರು, ಕೋಲ್ಕತ್ತ ಸೇರಿ 13 ನಗರಗಳಲ್ಲಿ ಹೊಗೆಯ ಹೊಸ ನಿಯಮ, ಬಿಎಸ್ 4 ಎಂಬುದು, ಜಾರಿಗೆ ಬಂತು. ಅಂಬಾಸಿಡರಿನ ಹಳೆಯ ಡೀಸೆಲ್ ಇಂಜಿನ್ ಆ ಪರೀಕ್ಷೆಯಲ್ಲಿ ಪಾಸಾಗುವಂತಿರಲಿಲ್ಲ. ಉಳಿದಿದ್ದ ದೊಡ್ಡ ಗಿರಾಕಿಯೇ ಕೋಲ್ಕತ್ತದ ಟ್ಯಾಕ್ಸಿ. ಅಲ್ಲೂ ಬಾಗಿಲು ಮುಚ್ಚಿತು. ನಿಯಮಕ್ಕೆ ಹೊಂದುವ ಇಂಜಿನ್ನು, ಐದು ಗೇರು ಇಟ್ಟುಕೊಂಡು ಎನ್ಕೋರ್ ಬರುವ ಹೊತ್ತಿಗೆ 2013. ಅದೇ ವರ್ಷ ‘ಟಾಪ್ ಗೇರ್’ ಎಂಬ ಬ್ರಿಟಿಷ್ ಕಾರ್ಯಕ್ರಮದವರು ಜಗತ್ತಿನ ಟ್ಯಾಕ್ಸಿಗಳಲ್ಲೆಲ್ಲ ಇದೇ ಗಟ್ಟಿಗ ಎಂದು ಗೆಲ್ಲಿಸಿದರು. ಹೊಗಳಿಕೆ ಬಂತು, ಕೊಳ್ಳುವವರು ಬರಲಿಲ್ಲ. ಎಂಬತ್ತರ ದಶಕದ ನಡುವೆ ವರ್ಷಕ್ಕೆ 20,000ಕ್ಕೂ ಮೇಲೆ ಮಾರುತ್ತಿದ್ದ ಕಾರು 2014ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಮಾರಾಟವಾದದ್ದು ಸುಮಾರು 2,200.

2014ರ ಮೇ 24ರಂದು ಬೆಳಗಿನ ಪಾಳಿಗೆ ಬಂದ ಕಾರ್ಮಿಕರಿಗೆ ಗೇಟಿನಲ್ಲಿ ಕಂಡದ್ದು ಕೆಲಸ ನಿಲ್ಲಿಸಿದ ನೋಟೀಸು. ಬೇಡಿಕೆಯಿಲ್ಲ, ಹಣವಿಲ್ಲ, ಶಿಸ್ತಿಲ್ಲ ಎಂಬುದು ಆಡಳಿತದ ಕಾರಣ. ಎರಡು ಸಾವಿರಕ್ಕೂ ಹೆಚ್ಚು ಜನ ಕೆಲಸದ ಪಟ್ಟಿಯಲ್ಲಿದ್ದರು. ಆಗ ದಿನಕ್ಕೆ ತಯಾರಾಗುತ್ತಿದ್ದುದು ಐದು ಕಾರು. ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಆ ವಾರ ಪತ್ರಿಕೆಗಳ ತುಂಬ ಅಂಬಾಸಿಡರ್ ನೆನಪುಗಳೇ: ಯಾವ ಮಂತ್ರಿ ಕೂತಿದ್ದರು, ಯಾವ ಸಿನಿಮಾದಲ್ಲಿ ಬಂತು, ಇವೇ. ಸಂಬಳವಿಲ್ಲದ ಮನೆಯಲ್ಲಿ ಅಂಗಡಿಯ ಉದ್ರಿ ಲೆಕ್ಕವನ್ನು ಯಾವ ಹೆಂಗಸು ಹೇಗೆ ನಿಭಾಯಿಸಿದಳೆಂದು ಬರೆದದ್ದು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಹೊರಗೆ ನಿಂತು ನೋಡುವ ನಮಗೆ ಅದು ನೆನಪಿನ ಕಾರು. ಆ ಮನೆಗಳಿಗೆ ಅದು ಒಂದನೇ ತಾರೀಖು.

2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಕಾರಲ್ಲ, ಕಾರ್ಖಾನೆಯಲ್ಲ, ಹೆಸರು ಮಾತ್ರ.

ಇನ್ನು ಉಳಿದಿರುವುದು ಕೋಲ್ಕತ್ತದ ಹಳದಿ ಟ್ಯಾಕ್ಸಿಗಳು. ಹದಿನೈದು ವರ್ಷ ದಾಟಿದ ಬಾಡಿಗೆ ವಾಹನ ಆ ನಗರದಲ್ಲಿ ಓಡಬಾರದೆಂದು ಅಲ್ಲಿನ ಹೈಕೋರ್ಟು 2008ರಲ್ಲಿ ಆಜ್ಞೆ ಮಾಡಿತು. ವರ್ಷ ವರ್ಷವೂ ಒಂದಷ್ಟು ಕಾರು ಗುಜರಿಗೆ ಹೋಗುತ್ತಿವೆ. 2014ರಲ್ಲಿ ಗೇಟು ದಾಟಿ ಬಂದ ಕಡೆಯ ಎನ್ಕೋರ್‌ಗಳಿಗೆ 2029ಕ್ಕೆ ಹದಿನೈದು ತುಂಬುತ್ತದೆ.